ಇನ್ನೈದು ನಿಮಿಷ

ಅಕ್ಕ ಬ್ಯಾಡಗಿಯಿಂದ ಫೋನ್ ಮಾಡಿದ್ದು ಕಳೆದ ದಸರೆಗೆ ವಾರವಿರುವಾಗ. 'ಕಾಂತಾರ ಚಾಪ್ಟರ್ 1'ರ ಟ್ರೇಲರ್ ಬಂದು, ಮನೆಮನೆಯ ಫೋನಿನಲ್ಲೂ ಅದೇ ಸದ್ದು ಮಾಡುತ್ತಿದ್ದ ದಿನಗಳು.

"ಎರಡೂ ಹುಡುಗ್ರು ಹಟ ಹಿಡದು ಕುಂತಾವ. ನೀ ಮೊದಲ ನೋಡಿ ಬಾ. ಆಮ್ಯಾಲೆ ಹೇಳು, ಕರಕೊಂಡು ಹೋಗಬೇಕೋ ಬ್ಯಾಡೋ."

ನಮ್ಮ ಮನೆಯಲ್ಲಿ ಇಂಥ ಪ್ರಶ್ನೆಗಳು ನನ್ನ ಪಾಲಿಗೆ ಬರುವುದಕ್ಕೆ ಒಂದು ಕಾರಣವಿದೆ. ನಾನು ಪಿಎಚ್‌ಡಿ ಮಾಡುತ್ತಿರುವುದು ದೊಡ್ಡಾಟದ ರಾಕ್ಷಸ ಪಾತ್ರಗಳ ಮೇಲೆ. ನೆಂಟರಿಷ್ಟರ ಬಾಯಲ್ಲಿ ಅದು "ರಕ್ಕಸರ ಬಗ್ಗೆ ಓದಾಕಿ" ಎಂದಾಗಿದೆ. ಮದುವೆ ಮನೆಗಳಲ್ಲಿ ಯಾರಾದರೂ ಪರಿಚಯ ಮಾಡಿಕೊಡುವಾಗ ಹಾಗೆಯೇ ಹೇಳುತ್ತಾರೆ, ಎದುರಿಗಿದ್ದವರು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡುತ್ತಾರೆ. ಹಾಗಾಗಿ ಅಕ್ಕ ನನ್ನನ್ನು ಮನೆಯ ಸೆನ್ಸಾರ್ ಮಂಡಳಿ ಮಾಡಿದ್ದು ಸಹಜವೇ. ಆದರೆ ನಿಜವಾದ ಕಾರಣ ಅದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಮೊದಲ 'ಕಾಂತಾರ' ಬಂದದ್ದು 2022ರ ಸೆಪ್ಟೆಂಬರ್ 30ಕ್ಕೆ. ಅದೂ ನವರಾತ್ರಿಯ ಹೊತ್ತೇ. ಅಕ್ಕನ ಮಗಳಿಗೆ ಆಗ ಐದು ವರ್ಷ. ಹಬ್ಬಕ್ಕೆಂದು ಹಾವೇರಿಗೆ ನಮ್ಮ ಮನೆಗೆ ಬಂದಿದ್ದಳು. ಊರಿಗೆ ಊರೇ ಆ ಸಿನಿಮಾದ ಮಾತಾಡುತ್ತಿತ್ತು. ಅಕ್ಕ "ಸಣ್ಣದೈತಿ, ಬ್ಯಾಡ" ಎಂದಿದ್ದಳು. ನಾನೇ ಕೇಳಲಿಲ್ಲ. ದೈವ, ಕೋಲ, ನಮ್ಮ ಮಣ್ಣು, ಮಕ್ಕಳು ಇಂಥದನ್ನು ನೋಡಬೇಕು ಎಂದು ಏನೇನೋ ಭಾಷಣ ಮಾಡಿ, ಅವಳನ್ನು ಕರೆದುಕೊಂಡು ಹೋದೆ. ಆಗಿನ್ನೂ ಎಂ.ಎ. ಮುಗಿಸಿದ ಬಿಸಿ ಇತ್ತು. ಸಂಸ್ಕೃತಿ ಎಂಬ ಶಬ್ದ ಬಾಯಲ್ಲಿ ಬಹಳ ಸಲೀಸಾಗಿ ಬರುತ್ತಿತ್ತು.

ಮೊದಲರ್ಧ ಚೆನ್ನಾಗಿಯೇ ಹೋಯಿತು. ಕಂಬಳದ ಕೋಣಗಳನ್ನು ಕಂಡು ಚಪ್ಪಾಳೆ ತಟ್ಟಿದಳು. ಕೊನೆಯ ಭಾಗದಲ್ಲಿ ಧಣಿಯ ಕಡೆಯವರು ಊರಿನ ಮೇಲೆ ಬೀಳುವ ರಾತ್ರಿ ಬಂತಲ್ಲ, ಆಗ ನನ್ನ ತೋಳು ಹಿಡಿದು, "ಚಿಗವ್ವ, ಹೊರಗ ಹೋಗೂಣು" ಎಂದಳು. "ಇನ್ನೈದು ನಿಮಿಷ" ಎಂದೆ. ಇನ್ನೊಮ್ಮೆ ಅಂದಳು. ಇನ್ನೊಮ್ಮೆ "ಇನ್ನೈದು ನಿಮಿಷ" ಎಂದೆ. ಗುಳಿಗ ಮೈಮೇಲೆ ಬಂದು ಆ ಕೂಗು ಹಾಕಿದಾಗ ಇಡೀ ಟಾಕೀಸು ಎದ್ದು ನಿಂತಿತ್ತು, ನನಗೂ ಮೈಯೆಲ್ಲ ಮುಳ್ಳು. ಆಕೆ ಮೂರನೆಯ ಸಲ ಏನಾದರೂ ಅಂದಳೋ ಇಲ್ಲವೋ ನನಗೆ ಕೇಳಿಸಲಿಲ್ಲ. ದೀಪ ಹತ್ತಿದಾಗ ನೋಡಿದರೆ ಮಗು ನನ್ನ ದುಪ್ಪಟ್ಟಾದ ಕೆಳಗೆ ತಲೆ ಹಾಕಿ, ಎರಡೂ ಕಿವಿಗೆ ಅಂಗೈ ಒತ್ತಿ ಕೂತಿತ್ತು. ಒದ್ದೆ ಮಾಡಿಕೊಂಡಿತ್ತು.

ನಾನು ಎದ್ದಿರಲಿಲ್ಲ. ಅಷ್ಟೇ ವಿಷಯ. ಕ್ಲೈಮ್ಯಾಕ್ಸ್ ತಪ್ಪಿಹೋಗುತ್ತದೆ ಎಂದು ಎದ್ದಿರಲಿಲ್ಲ.

ಮುಂದೆ ಮೂರು ನಾಲ್ಕು ತಿಂಗಳು ಬ್ಯಾಡಗಿಯ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಹುಡುಗಿ ಹಿತ್ತಲಿಗೆ ಒಬ್ಬಳೇ ಹೋಗುತ್ತಿರಲಿಲ್ಲ. ಬಚ್ಚಲಿಗೆ ಹೋಗಬೇಕಾದರೆ ಯಾರಾದರೂ ಬಾಗಿಲಲ್ಲಿ ನಿಂತು ಮಾತಾಡುತ್ತಲೇ ಇರಬೇಕು. ಅಕ್ಕನ ಅತ್ತೆ ವಾರಕ್ಕೊಮ್ಮೆ ಉಪ್ಪು, ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದರು. ಘಾಟು ಬರದಿದ್ದರೆ ದೃಷ್ಟಿಯಾಗಿದೆ ಎಂದು ಲೆಕ್ಕ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಹಾಗಾಗಿ ಆ ಊರಿನಲ್ಲಿ ಎಲ್ಲರಿಗೂ ಯಾವಾಗಲೂ ದೃಷ್ಟಿಯಾಗಿರಲೇಬೇಕು ಎಂದು ನಾನು ತಮಾಷೆ ಮಾಡಿದ್ದಕ್ಕೆ ಅಕ್ಕ ನಗಲಿಲ್ಲ. ಅಕ್ಕ ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೇನೋ.

ಈಗ ಆ ಹುಡುಗಿಗೆ ಎಂಟು. ಅವಳ ತಮ್ಮನಿಗೆ ಐದು, ಅಂದು ಅವಳಿಗಿದ್ದಷ್ಟೇ ವಯಸ್ಸು.

ಹೊಸ ಸಿನಿಮಾಕ್ಕೆ ಸಿಕ್ಕಿದ್ದು ಯುಎ 16+ ಪ್ರಮಾಣಪತ್ರ. 2022ರಲ್ಲಿ ಬರೀ ಯುಎ ಇತ್ತು, ಅಂದರೆ ಹನ್ನೆರಡರೊಳಗಿನ ಮಕ್ಕಳಿಗೆ ಪಾಲಕರ ಮಾರ್ಗದರ್ಶನ ಬೇಕು ಎಂದರ್ಥ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿಯಾಗಿ ಆ ಯುಎಯನ್ನು 7+, 13+, 16+ ಎಂದು ಮೂರು ಭಾಗ ಮಾಡಿದರು. ಸಂಖ್ಯೆ ನೋಡಿ ಕಟ್ಟುನಿಟ್ಟು ಅನಿಸುತ್ತದೆ. ಆದರೆ ಎ ಪ್ರಮಾಣಪತ್ರದ ಸಿನಿಮಾಕ್ಕೆ ಹದಿನೆಂಟರೊಳಗಿನವರನ್ನು ಬಿಡಬಾರದು ಎಂಬಂಥ ನಿಷೇಧ ಇದಲ್ಲ. ಇದು ಪಾಲಕರಿಗೆ ಹೇಳುವ ಕಿವಿಮಾತು ಮಾತ್ರ. ಪಾಲಕರನ್ನು ಬಿಟ್ಟು ಬೇರೆ ಯಾರೂ ಅದನ್ನು ಜಾರಿ ಮಾಡುವಂತಿಲ್ಲ ಎಂದು ಕಾಯ್ದೆಯಲ್ಲೇ ಇದೆ. ಅಂದರೆ ಸರಕಾರ ಹದಿನಾರು ಎಂದು ಬರೆದು, ಆ ಚೀಟಿಯನ್ನು ಅಕ್ಕನ ಕೈಗೆ ಕೊಟ್ಟಿತ್ತು. ಅಕ್ಕ ಅದನ್ನು ನನ್ನ ಕೈಗೆ ದಾಟಿಸಿದ್ದಳು.

ಮಗಳಿಗೆ ಇದನ್ನು ವಿವರಿಸಿದಾಗ ಅವಳು ಸ್ವಲ್ಪ ಲೆಕ್ಕ ಹಾಕಿ, "ನಂಗ ಎಂಟು. ಎರಡು ಸಲ ನೋಡಿದ್ರ ಹದಿನಾರಾತು" ಎಂದಳಂತೆ.

ಅವ್ವನ ಹತ್ತಿರ ಈ ವಿಷಯ ತೆಗೆದರೆ ಆಕೆಗೆ ಇದೊಂದು ಪ್ರಶ್ನೆ ಎಂದೇ ಅನಿಸಲಿಲ್ಲ. 1983ರಲ್ಲಿ 'ಭಕ್ತ ಪ್ರಹ್ಲಾದ' ಬಂದಾಗ ಅವ್ವನಿಗೆ ಹತ್ತು ವರ್ಷ. ರಾಜಕುಮಾರ್ ಹಿರಣ್ಯಕಶಿಪು, ಪುನೀತ್ ಪ್ರಹ್ಲಾದ. ಆಗ ಪುನೀತ್ ಅಲ್ಲ, ಲೋಹಿತ್. ದೇವರ ಸಿನಿಮಾ ಎಂದು ಓಣಿಯ ಹೆಂಗಸರೆಲ್ಲ ಬುತ್ತಿ ಕಟ್ಟಿಕೊಂಡು, ಕೂಸು ಕುನ್ನಿಗಳನ್ನು ಎತ್ತಿಕೊಂಡು ಹೋಗಿದ್ದರಂತೆ. ಮಗುವನ್ನು ಆನೆಯ ಕಾಲಿಗೆ ಹಾಕುವುದು, ವಿಷ ಕುಡಿಸುವುದು, ಕೊನೆಗೆ ಕಂಬ ಒಡೆದು ನರಸಿಂಹ ಬಂದು ಹೊಟ್ಟೆ ಬಗೆಯುವುದು. ಕತೆಯನ್ನು ಬಿಡಿಸಿ ಹೇಳಿದರೆ ಇದಕ್ಕಿಂತ ಭಯಾನಕವಾದದ್ದು ಮಕ್ಕಳಿಗೆ ಇನ್ನೇನಿದೆ? ಅಪ್ಪನೇ ಮಗನನ್ನು ಕೊಲ್ಲಲು ಹೊರಟ ಕತೆ ಅದು.

"ಅಂಜಿಕಿ ಆಗಲಿಲ್ಲೇನು?" ಎಂದೆ.

"ಆಗಲಾರದ ಇರತೈತೇನು? ನಮ್ಮವ್ವನ ಸೆರಗಿನ್ಯಾಗ ಕುಂತು ನೋಡಿದ್ನಿ."

ಅವ್ವ ಇದನ್ನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಹೇಳಿದ್ದು. ತೆಳ್ಳಗಿನ ಸೀರೆಯ ಸೆರಗನ್ನು ಮುಖದ ಮೇಲೆ ಎಳೆದುಕೊಂಡರೆ ಪರದೆ ಮಸುಕಾಗಿ ಕಾಣುತ್ತಿತ್ತಂತೆ. ನರಸಿಂಹ ಬಂದಾಗ ಎರಡು ಮಡಿಕೆ, ಪ್ರಹ್ಲಾದ ಹಾಡುವಾಗ ಒಂದೇ ಮಡಿಕೆ. ಬೇಕಾದಷ್ಟೇ ನೋಡುವ ಉಪಾಯ. ಹುಡುಗಿಯ ಕೈಯಲ್ಲೇ ಇತ್ತು ಅದು.

ನಾನು ಆ ದಿನ ನನ್ನ ದುಪ್ಪಟ್ಟಾ ಕೊಟ್ಟಿದ್ದೆನಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ನಾನು ಕೊಟ್ಟಿರಲಿಲ್ಲ, ಅದೇ ಎಳೆದುಕೊಂಡಿತ್ತು.

ಅಕ್ಟೋಬರ್ 1ಕ್ಕೆ ಮಹಾನವಮಿ. ಆ ದಿನ ನಾವೆಲ್ಲ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡಕ್ಕೆ ಹೋದೆವು. ಭಾವನ ಮನೆಯವರು ಮಾಲತೇಶನ ಒಕ್ಕಲು. ಕಾರ್ಣಿಕಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬೇಕೋ ಬೇಡವೋ ಎಂದು ಯಾರೂ ಯಾರಿಗೂ ಫೋನ್ ಮಾಡಿ ಕೇಳಲಿಲ್ಲ.

ನೋಡದವರಿಗಾಗಿ ಸ್ವಲ್ಪ ಹೇಳಬೇಕು. ಗುಡ್ಡದ ತುಂಬ ಜನ. ಭಂಡಾರದ ಹಳದಿ ಧೂಳು. ಕರಿ ಕಂಬಳಿ ಹೊದ್ದು, ಡಮರುಗ ಹಿಡಿದ ಗೊರವರು. ಕೆಲವರ ತಲೆಯ ಮೇಲೆ ಕರಡಿ ಕೂದಲಿನ ಟೊಪ್ಪಿಗೆ. ಮೈಲಾರನ ನಾಯಿಗಳೆಂದು ಬಗೆದು ಬೊಗಳುವ ವಗ್ಗಯ್ಯಗಳು. ಮೈದುಂಬಿ ಬಂದವರ ಕೇಕೆ. ಇದೆಲ್ಲದರ ನಡುವೆ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರುತ್ತಾನೆ. ತುದಿಗೆ ಹೋಗಿ ನಿಂತು "ಸದ್ದಲೇ" ಎಂದು ಕೂಗುತ್ತಾನೆ. ಲಕ್ಷ ಗಂಟಲುಗಳ ಗದ್ದಲ ಒಮ್ಮೆಲೇ ನಿಲ್ಲುತ್ತದೆ. ಆ ನಿಶ್ಶಬ್ದ ನನಗೆ ಈಗಲೂ ಹೊಟ್ಟೆಯಲ್ಲಿ ತಣ್ಣಗೆ ಮಾಡುತ್ತದೆ. ಒಂದೇ ಒಂದು ಸಾಲು ಕಾರ್ಣಿಕ ನುಡಿದು ಆತ ಮೇಲಿನಿಂದ ಕೈಬಿಟ್ಟು ಬೀಳುತ್ತಾನೆ. ಕೆಳಗಿದ್ದ ಜನ ಹಿಡಿಯುತ್ತಾರೆ.

ಇದಕ್ಕೆ ಯಾವ ಪ್ರಮಾಣಪತ್ರ ಕೊಡಬೇಕು? ನಮ್ಮ ಜಿಲ್ಲೆಯ ಮಕ್ಕಳು ಹುಟ್ಟಿದಾಗಿನಿಂದ ಇಂಥದ್ದನ್ನೇ ನೋಡಿಕೊಂಡು ಬೆಳೆದವರು. ಮದುವೆಯ ಮುಂಚೆ ಗುಗ್ಗಳ ತೆಗೆದರೆ ಪುರವಂತರು ಕೆನ್ನೆಗೆ ಶಸ್ತ್ರ ಚುಚ್ಚಿಕೊಂಡು ಕುಣಿಯುತ್ತಾರೆ. ಅವರ ಮುಂದೆಯೇ ಮಕ್ಕಳು ಪೀಪಿ ಊದುತ್ತ ನಿಂತಿರುತ್ತಾರೆ. ರಕ್ತ, ಕತ್ತಿ, ಆವೇಶ, ಕೂಗು, ಎಲ್ಲವೂ ಇದೆ. ಸಿನಿಮಾದಲ್ಲಿರುವುದು ಬಣ್ಣದ ನೀರು, ಇಲ್ಲಿರುವುದು ನಿಜವಾದ ಕೆನ್ನೆ.

ಆ ದಿನ ಹುಡುಗಿ ಅಪ್ಪನ ಹೆಗಲ ಮೇಲಿದ್ದಳು. ಗೊರವಯ್ಯ ಬಿದ್ದಾಗ ಅಪ್ಪನ ಕೂದಲು ಗಟ್ಟಿಯಾಗಿ ಹಿಡಿದಳು, ಭಾವ "ಅಯ್ಯಯ್ಯೋ" ಎಂದ. ಆಮೇಲೆ ಅವಳು ಕೇಳಿದ್ದು ಒಂದೇ, "ಹಿಡದ್ರೇನು?" ಹಿಡಿದರು ಎಂದ. "ಎಷ್ಟು ಮಂದಿ ಹಿಡದ್ರು?" ಎಂದಳು. ಮುಗಿಯಿತು. ಕೆಳಗಿಳಿದು ಬೆಂಡು ಬೆತ್ತಾಸು ಬೇಕೆಂದು ಹಟ ಮಾಡಿದಳು. ಹುಡುಗ ಅಷ್ಟೂ ಹೊತ್ತು ನಿದ್ದೆ ಹೊಡೆದಿದ್ದ.

ನನ್ನ ಕ್ಷೇತ್ರಕಾರ್ಯದಲ್ಲಿ ಒಬ್ಬ ಹಳೆಯ ದೊಡ್ಡಾಟದ ಕಲಾವಿದರು ಹೇಳಿದ ಮಾತು ಗುಡ್ಡ ಇಳಿಯುವಾಗ ನೆನಪಾಯಿತು. ಅವರು ರಕ್ಕಸನ ಪಾತ್ರಕ್ಕೆ ಹೆಸರಾದವರು. ಬಣ್ಣ ಹಚ್ಚುವ ಹೊತ್ತಿಗೆ ಊರ ಹುಡುಗರು ಬಂದು ಇಣುಕುತ್ತಿದ್ದರಂತೆ, ಇವರು ಓಡಿಸುತ್ತಿರಲಿಲ್ಲವಂತೆ. "ಅರ್ಧ ಮಾರಿಗೆ ಬಣ್ಣ ಆಗಿರತಿತ್ತು, ಅರ್ಧ ನಾನ ಇರತಿದ್ನಿ. ಅವನ್ನ ನೋಡಿ ಹೋದ ಹುಡುಗರು ಆಟದಾಗ ಅಂಜತಿದ್ರು, ಖರೆ ಅಳತಿರಲಿಲ್ಲ." ಇದನ್ನು ಆಗ ಟಿಪ್ಪಣಿಯಲ್ಲಿ ಬರೆದುಕೊಂಡು, ಪ್ರಬಂಧದ ಯಾವ ಅಧ್ಯಾಯಕ್ಕೂ ಹೊಂದದೆ ಬಿಟ್ಟಿದ್ದೆ. ಅಂಜುವುದಕ್ಕೂ ಅಳುವುದಕ್ಕೂ ನಡುವೆ ಅಷ್ಟು ಜಾಗ ಇದೆ ಎಂದು ಆಗ ನನಗೆ ಹೊಳೆದಿರಲಿಲ್ಲ.

ಅಕ್ಟೋಬರ್ 2ಕ್ಕೆ ವಿಜಯದಶಮಿ, ಅದೇ ದಿನ ಸಿನಿಮಾ ಬಿಡುಗಡೆ. ಬನ್ನಿ ಕೊಟ್ಟು ಕಾಲು ಮುಗಿದದ್ದಾದ ಮೇಲೆ, ಮರುದಿನ ಹಾವೇರಿಯಲ್ಲಿ ಒಬ್ಬಳೇ ಹೋಗಿ ನೋಡಿದೆ. ಟಿಕೆಟ್ ಕೊಡುವಾತ ಯಾರ ವಯಸ್ಸನ್ನೂ ಕೇಳಲಿಲ್ಲ, ಕೇಳುವ ಅಧಿಕಾರ ಅವನಿಗೆ ಇರಲೂ ಇಲ್ಲ. ನಾನು ಮಧ್ಯದ ಸಾಲಿನ ಮೂಲೆಯಲ್ಲಿ ಕೂತು ಪರದೆಗಿಂತ ಹೆಚ್ಚಾಗಿ ಜನರನ್ನು ನೋಡಿದೆ. ಕ್ಷೇತ್ರಕಾರ್ಯದ ಕೆಟ್ಟ ಚಟ. ನನ್ನ ಕಣ್ಣಳತೆಯಲ್ಲಿ 11 ಮಕ್ಕಳಿದ್ದರು. ಎಲ್ಲವೂ ಹತ್ತರ ಒಳಗಿನವು, ಒಂದು ಎದೆಹಾಲು ಕುಡಿಯುವ ಕೂಸು.

ಎರಡೂಮುಕ್ಕಾಲು ತಾಸಿಗೂ ಮಿಕ್ಕಿದ ಸಿನಿಮಾ. ಕಾಡಿನ ಕತ್ತಲೆ ಇದೆ, ಹುಲಿ ಇದೆ, ರಥದ ಓಟ ಇದೆ, ದೈವದ ಆವೇಶ ಇದೆ, ಕತ್ತಿ ಕಾಳಗ ಧಾರಾಳವಾಗಿದೆ. ಹುಲಿ ಬಂದಾಗ ಮಕ್ಕಳು ಖುಷಿಯಾಗಿದ್ದವು. ರಥ ಓಡಿದಾಗ ಒಬ್ಬ ಹುಡುಗ ಸೀಟಿನ ಮೇಲೆ ನಿಂತು ತಾನೇ ಓಡಿಸಿದ. ನಾನು ಗಮನಿಸಿದ್ದು ಇನ್ನೊಂದು. ಹೆದರಿದ ಮಕ್ಕಳು ಕಣ್ಣು ಮುಚ್ಚುತ್ತಿರಲಿಲ್ಲ, ಕಿವಿ ಮುಚ್ಚುತ್ತಿದ್ದವು. ದೊಡ್ಡವರು ಅವುಗಳ ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಿದ್ದರು, ಮಕ್ಕಳು ಆ ಕೈ ಸರಿಸಿ ತಮ್ಮ ಕಿವಿ ಹುಡುಕಿಕೊಳ್ಳುತ್ತಿದ್ದವು. ಕೆಳಗಿನಿಂದ ಬರುವ ಆ ಗುಡುಗಿಗೆ ನನ್ನ ಕುರ್ಚಿಯೇ ನಡುಗುತ್ತಿತ್ತು, ಹದಿನೈದು ಕಿಲೋ ತೂಕದ ಜೀವಕ್ಕೆ ಅದು ಎಲ್ಲಿ ತಾಗುತ್ತಿರಬೇಕು? ಗುಡ್ಡದ ಮೇಲೆ ಎಷ್ಟೇ ಕೂಗಿದ್ದರೂ ಮೇಲೆ ಆಕಾಶ ಇತ್ತು.

ನನ್ನ ಮುಂದಿನ ಸಾಲಿನ ಹುಡುಗನೊಬ್ಬ ಸೈನಿಕರು ಕಾಡಿನವರ ಮೇಲೆ ಬಿದ್ದ ಹೊತ್ತಿಗೆ ಅಳತೊಡಗಿದ. ಅವನಪ್ಪ ಫೋನಿನ ಬೆಳಕು ಹತ್ತಿಸಿ ಅವನ ಮುಖಕ್ಕೆ ಹಿಡಿದು, "ಏ, ಸುಳ್ಳಪಾ ಅದು, ಪಿಚ್ಚರ್ ಅದು" ಎಂದ. ಹುಡುಗ ಇನ್ನೂ ಜೋರಾಗಿ ಅತ್ತ. ಹಿಂದಿನಿಂದ ಯಾರೋ ಬೈದರು. ಅಪ್ಪ ಎದ್ದು ಹೋಗಲಿಲ್ಲ. ಒಂದು ಕೈಯಲ್ಲಿ ಮಗನ ಬೆನ್ನು ತಟ್ಟುತ್ತ ಪರದೆ ನೋಡಿದ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವನ ಬೆನ್ನು ನನಗೆ ಗುರುತಿತ್ತು.

ನಡುವೆ ಶಾಲೆಗಳಿಗೆ ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದ ದಸರಾ ರಜೆಯನ್ನು 18ರವರೆಗೆ ಹಿಗ್ಗಿಸಿದರು. ಸಮೀಕ್ಷೆಗೆ ಮಾಸ್ತರರು ಬೇಕಿತ್ತು. ಮಕ್ಕಳಿಗೆ ಅದು ಸಿನಿಮಾಕ್ಕೆಂದೇ ಕೊಟ್ಟ ರಜೆಯಂತೆ ಕಂಡಿತು. ಅಕ್ಕನ ಫೋನು ದಿನಕ್ಕೆ ಎರಡಾಯಿತು. ನಾನು ತೀರ್ಪು ಹೇಳಲು ಮೋಟೆಬೆನ್ನೂರಿನ ಮೇಲೆ ಹಾಯ್ದು ಬ್ಯಾಡಗಿಗೆ ಹೋದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಒಂದು ಪಟ್ಟಿ ಮಾಡಿಕೊಂಡಿದ್ದೆ. ಯಾವ ದೃಶ್ಯ ಎಷ್ಟನೇ ನಿಮಿಷಕ್ಕೆ, ಎಲ್ಲಿ ಕಣ್ಣು ಮುಚ್ಚಿಸಬೇಕು, ಎಲ್ಲಿ ಹೊರಗೆ ಕರೆದೊಯ್ಯಬೇಕು. ಸಂಶೋಧನೆ ಮಾಡುವವರಿಗೆ ಪಟ್ಟಿ ಮಾಡಿದರೆ ಕೆಲಸ ಆದಂತೆ.

ಸಂಜೆ ಅಟ್ಟದ ಮೇಲೆ ಹುಡುಗಿಯನ್ನು ಕೂರಿಸಿಕೊಂಡು ಇಡೀ ಕತೆ ಹೇಳಿಬಿಟ್ಟೆ. ಅರ್ಧ ಮುಖಕ್ಕೆ ಬಣ್ಣ ಹಚ್ಚಿದ್ದನ್ನು ತೋರಿಸುವುದು ಎಂದರೆ ಇದೇ ಇರಬೇಕು ಎಂದುಕೊಂಡೆ. ಹುಲಿ ಬರುತ್ತದೆ ಎಂದೆ, "ಕಂಪ್ಯೂಟರ್ ಹುಲಿ" ಎಂದಳು. ಕತ್ತಲಲ್ಲಿ ಒಂದು ಇದು ಬರುತ್ತದೆ ಎಂದೆ, "ಟ್ರೇಲರ್‌ನ್ಯಾಗ ನೋಡೇನಿ" ಎಂದಳು. ದೈವ ಮೈಮೇಲೆ ಬರುತ್ತದೆ, ಹಿಂದಿನದರಂತೆಯೇ ಕೂಗುತ್ತದೆ ಎಂದೆ. ನಾನು ಕಾಯುತ್ತಿದ್ದದ್ದು ಇದಕ್ಕೇ. ಅವಳು ಸುಮ್ಮನೆ ತಲೆ ಹಾಕಿ, "ದೇವರಲ್ಲ ಅದು? ದೇವರು ನಮಗೇನ ಮಾಡತೈತಿ?" ಎಂದಳು.

ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು. "ಮಂದಿ ಓಡಿಕೋತ ಬರ್ತಾರೇನು?"

"ಎಲ್ಲಿ?"

"ಮನೀಗೆ. ಎಲ್ಲಾರೂ ಕೂಡಿ."

ನನ್ನ ಪಟ್ಟಿಯಲ್ಲಿ ಇದು ಇರಲಿಲ್ಲ. ಇದ್ದರೂ 'ಕಾಳಗ' ಎಂಬ ತಲೆಬರಹದ ಕೆಳಗೆ, ರಕ್ತ ಎಷ್ಟು ಕಾಣುತ್ತದೆ ಎಂಬ ಲೆಕ್ಕದಲ್ಲಿ ಇತ್ತು. ಬರುತ್ತಾರೆ ಎಂದೆ. ಅವಳು ಮಾತಾಡಲಿಲ್ಲ. ಕೆಳಗೆ ತಮ್ಮ ಕರೆದ, ಇಳಿದು ಹೋದಳು.

ರಾತ್ರಿ ಅಕ್ಕನಿಗೆ ಕೇಳಿದೆ. ಅಕ್ಕ ಹಾಸಿಗೆ ಹಾಸುತ್ತಿದ್ದವಳು ಕೂತಳು.

2024ರ ಮಾರ್ಚ್ 11, ಸೋಮವಾರ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ದಿಢೀರನೆ ಕುಸಿದದ್ದಕ್ಕೆ ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದ್ದು, ವಾಹನಗಳಿಗೆ ಬೆಂಕಿ ಹಚ್ಚಿದ್ದು ಪತ್ರಿಕೆಯಲ್ಲಿ ಎಲ್ಲರೂ ಓದಿದ್ದೇವೆ. ನಾನೂ ಓದಿದ್ದೆ, ಆ ರಾತ್ರಿ ಅಕ್ಕನಿಗೆ ಫೋನ್ ಮಾಡಿ "ಎಲ್ಲಾ ಆರಾಮ?" ಎಂದು ಕೇಳಿದ್ದೆ, "ಆರಾಮ" ಎಂದಿದ್ದಳು. ಭಾವ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಆ ದಿನ ಅವನ ಫೋನು ಹತ್ತುತ್ತಿರಲಿಲ್ಲ. ಹುಡುಗಿ ಇದೇ ಅಟ್ಟದ ಮೇಲಿನಿಂದ ಹೊಗೆ ನೋಡಿದಳು. ಓಣಿಯಲ್ಲಿ ಜನ ಓಡಿದರು. ಯಾರು ಯಾಕೆ ಓಡುತ್ತಿದ್ದಾರೆ, ಹೊಡೆಯಲು ಬರುವವರೋ ಹೊಡೆತ ತಪ್ಪಿಸಿಕೊಂಡು ಬರುವವರೋ ಯಾರಿಗೂ ಗೊತ್ತಾಗಲಿಲ್ಲ. ಅಕ್ಕನ ಅತ್ತೆ ಕಿಟಕಿ ಬಾಗಿಲು ಹಾಕಿ, ದೀಪ ಆರಿಸಿ, ಎಲ್ಲರನ್ನೂ ಒಳಗಿನ ಕೋಣೆಯಲ್ಲಿ ಕೂರಿಸಿದರು. ಭಾವ ಬಂದದ್ದು ರಾತ್ರಿ ಊಟದ ಹೊತ್ತು ಮೀರಿದ ಮೇಲೆ. ಅಂಗಿಯೆಲ್ಲ ಹೊಗೆಯ ವಾಸನೆ. "ಏನ ಆಗಿಲ್ಲ" ಎಂದು ಉಂಡು ಮಲಗಿದ.

"ಆಕೀ ಮತ್ತ ಕೇಳಲಿಲ್ಲ, ನಾವೂ ಹೇಳಲಿಲ್ಲ" ಎಂದಳು ಅಕ್ಕ. "ದರದ ಜಗಳ ಸಣ್ಣ ಹುಡುಗರಿಗೆ ಏನ ಹೇಳೂದು? ಬಗೀಹರದು ಹೋತು ಅಂತ ತಿಳಕೊಂಡ್ವಿ."

ನಾವಿಬ್ಬರೂ ಮೂರು ವರ್ಷ ಗುಳಿಗನ ಕೂಗನ್ನೇ ಹಿಡಿದುಕೊಂಡು ಕೂತಿದ್ದೆವು. ಆಕೆ ಅದನ್ನು ಯಾವಾಗಲೋ ಬಿಟ್ಟಿದ್ದಳು. 2022ರಲ್ಲೂ ಅವಳು ಮೊದಲು ತೋಳು ಹಿಡಿದದ್ದು ದೈವ ಬಂದಾಗ ಅಲ್ಲ, ಅದಕ್ಕೂ ಮುಂಚೆ, ಮಂದಿ ಊರಿನ ಮೇಲೆ ಬಿದ್ದಾಗ. ಅದು ನನಗೆ ಆ ರಾತ್ರಿ ಮಲಗಿದ ಮೇಲೆ ಹೊಳೆದದ್ದು. ಕೂಗು ಬಂದಾಗ ಕಿವಿ ಮುಚ್ಚಿದ್ದಳು, ಸರಿ. ಆದರೆ ಹೊರಗೆ ಹೋಗೋಣ ಎಂದದ್ದು ಬೇರೆಯದಕ್ಕೆ.

ಮರುದಿನ ಬೆಳಿಗ್ಗೆ ಭಾವನಿಗೆ ಹೇಳಿದೆವು. ಅವನು ಕಡಿಮೆ ಮಾತಿನವನು. ಚಹಾ ಮುಗಿಸಿ ಮಗಳನ್ನು ಬೈಕಿನ ಮೇಲೆ ಕೂರಿಸಿಕೊಂಡು ಮಾರುಕಟ್ಟೆಗೆ ಹೋದ. ಸೀಜನ್ ಅಲ್ಲದ ಕಾಲ, ಕೋಲ್ಡ್ ಸ್ಟೋರೇಜಿನ ಮಾಲು ಅಷ್ಟೇ. ಎಲ್ಲಿ ಏನು ಸುಟ್ಟಿತ್ತು, ತಾನು ಎಲ್ಲಿ ಅಡಗಿ ಕೂತಿದ್ದೆ ಎಂದು ತೋರಿಸಿದನಂತೆ. ಅವರು ಕೆಟ್ಟವರಲ್ಲ, ವರ್ಷಗಟ್ಟಲೆ ಬೆಳೆದದ್ದಕ್ಕೆ ಬೆಲೆ ಸಿಗದಿದ್ದರೆ ಸಿಟ್ಟು ಬರುತ್ತದೆ ಎಂದೂ ಹೇಳಿದನಂತೆ. ಹುಡುಗಿ ಇದನ್ನೆಲ್ಲ ನನಗೆ ವರದಿ ಮಾಡಿದ್ದು ಕೈತುಂಬ ಡಬ್ಬಿ ಮೆಣಸಿನಕಾಯಿ ಹಿಡಿದುಕೊಂಡು. ಮಧ್ಯೆ ನಾಲ್ಕು ಸಲ ಸೀನಿದಳು.

ತೀರ್ಪು ನಾನು ಕೊಡಲಿಲ್ಲ. ಹುಡುಗಿಯೇ ಕೊಟ್ಟಳು. ತಮ್ಮ ಬೇಡ, "ಅವ ಸಣ್ಣಾವ, ಉಚ್ಚಿ ಹೊಯ್ಕೋತಾನ." ತಾನು ಹೋಗುವುದು. ಆದರೆ ಬಾಗಿಲ ಹತ್ತಿರ ಕೂರಬೇಕು, ತಾನು ಎದ್ದರೆ ನಾನೂ ಏಳಬೇಕು. "ಇನ್ನೈದು ನಿಮಿಷ ಅನಬಾರದು." ಅವಳಿಗೆ ಆ ಮಾತು ನೆನಪಿತ್ತು. ನನ್ನ ಮುಖ ನೋಡಿ ಅಕ್ಕ ಬೇರೆ ಕಡೆ ತಿರುಗಿದಳು. ಹುಡುಗನಿಗೆ ಅಜ್ಜ ಬೇರೇನೋ ಆಸೆ ತೋರಿಸಿ ಒಪ್ಪಿಸಿದರು. ಅವನಿಗೆ ಬೇಕಿದ್ದದ್ದು ಹುಲಿ ಮಾತ್ರ, ಅದನ್ನು ಫೋನಿನಲ್ಲಿ ಹತ್ತು ಸಲ ನೋಡಿದ.

ರಾಣೆಬೆನ್ನೂರಿನಲ್ಲಿ ಮಧ್ಯಾಹ್ನದ ಆಟ. ಬಸ್ಸಿನಲ್ಲಿ ಅವಳು ತಾನು ಹೇಗೆ ಕೂರುತ್ತೇನೆ ಎಂದು ಅಭ್ಯಾಸ ಮಾಡಿ ತೋರಿಸಿದಳು. ರಾಣೆಬೆನ್ನೂರಿನಲ್ಲಿ ಹೋಳಿಗೆ ಜೀವಂತ ರತಿ-ಕಾಮರನ್ನು ಕೂರಿಸುತ್ತಾರೆ. ವೇಷ ಹಾಕಿದ ಇಬ್ಬರು ಗಂಡಸರು ಮಿಸುಕದೆ ಕೂತಿರುತ್ತಾರೆ, ಮಂದಿ ಎದುರಿಗೆ ನಿಂತು ಏನೇನೋ ಅಂದು ಅವರನ್ನು ನಗಿಸಲು ನೋಡುತ್ತಾರೆ, ನಗಿಸಿದವರಿಗೆ ಬಹುಮಾನ. ಅವರು ನಗುವುದಿಲ್ಲ. "ಆ ಕಾಮಣ್ಣನ್ಹಂಗ ಕುಂದರ್ತೀನಿ" ಎಂದು ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮಿಟುಕಿಸದೆ ಕೂತಳು. ಎದುರಿನ ಸೀಟಿನ ಅಜ್ಜಿ ಹೆದರಿ, "ಯಾಕವಾ, ಹುಡುಗಿಗೆ ಆರಾಮಿಲ್ಲೇನು?" ಎಂದು ಕೇಳಿತು.

ಅಂಚಿನ ಕುರ್ಚಿಗಳು ಸಿಕ್ಕವು. ಬಾಗಿಲಿನ ಕೆಂಪು ದೀಪ ಕಾಣುತ್ತಿತ್ತು. ನಾನು ಕಿವಿಗೆಂದು ಹತ್ತಿ ತಂದಿದ್ದೆ, ಒಂದು ಕಿವಿಗೆ ಇಟ್ಟುಕೊಂಡು ಇನ್ನೊಂದನ್ನು ಬೇಡ ಎಂದಳು. ಕಾಡು ಬಂತು, ಕತ್ತಲೆ ಬಂತು. ನನ್ನ ಕೈ ಹಿಡಿದಳು, ಬಿಟ್ಟಳು. ಹುಲಿ ಬಂದಾಗ "ಕಂಪ್ಯೂಟರ್" ಎಂದು ನನಗೇ ಧೈರ್ಯ ಹೇಳಿದಳು. ಮಸಾಲೆ ವ್ಯಾಪಾರದ ಬಂದರು ಬಂದಾಗ ಮಾತ್ರ ಮುಂದೆ ಬಾಗಿ ಬಹಳ ಆಸಕ್ತಿಯಿಂದ ನೋಡಿದಳು, ವ್ಯಾಪಾರದ ಮನೆಯ ಮಗು. ದೈವ ಮೊದಲ ಸಲ ಮೈಮೇಲೆ ಬಂದಾಗ ಕಿವಿಯ ಹತ್ತಿ ಒಳಗೆ ಒತ್ತಿಕೊಂಡಳು, ಕಣ್ಣು ತೆರೆದೇ ಇತ್ತು.

ಸೈನಿಕರು ಕಾಡಿನವರ ಮೇಲೆ ಬೀಳುವ ಭಾಗ ನನಗೆ ಗೊತ್ತಿತ್ತಲ್ಲ, ಅದು ಬರುವ ಮುಂಚೆಯೇ ನನ್ನ ಹೊಟ್ಟೆ ಹಿಂಡತೊಡಗಿತ್ತು. ಬಂತು. ಅವಳು ಏನೂ ಹೇಳಲಿಲ್ಲ. ಕುರ್ಚಿಯಿಂದ ಇಳಿದಳು, ಅಷ್ಟೇ. ನಾನೂ ಎದ್ದೆ. ಚಪ್ಪಲಿ ಒಂದು ಕುರ್ಚಿಯ ಕೆಳಗೆ ಸಿಕ್ಕಿಕೊಂಡಿತ್ತು, ಕೈಯಲ್ಲೇ ಹಿಡಿದುಕೊಂಡು ಹೊರಗೆ ಬಂದೆ.

ಹೊರಗೆ ಬಿಸಿಲು. ಕಾಂಪೌಂಡಿನ ಆಚೆ ಮಂಡಕ್ಕಿ ಮಿರ್ಚಿಯ ಗಾಡಿ. ಎರಡು ಪ್ಲೇಟು ಹೇಳಿ ಕಲ್ಲಿನ ಮೇಲೆ ಕೂತೆವು. ಗೋಡೆಯ ಹಿಂದಿನಿಂದ ಸದ್ದು ದಪ್ಪವಾಗಿ, ಮಾತು ತಿಳಿಯದಂತೆ, ಬರುತ್ತಲೇ ಇತ್ತು. ಒಂದು ಕಿವಿಯ ಹತ್ತಿ ತೆಗೆದು ಜೇಬಿನಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಆಲಿಸಿದಳು.

"ಈಗೂ ಓಡಾಕತ್ತಾರೇನು?"

"ಹೂಂ."

"ಅವರಿಗೂ ರೇಟು ಸಿಗಲಿಲ್ಲೇನು?"

ನನಗೆ ನಗು ಬಂತು, ಆಮೇಲೆ ಬರಲಿಲ್ಲ. ಇವರ ಜಗಳ ಬೇರೆ, ರಾಜರದ್ದು, ಆದರೆ ಮಸಾಲೆಯದೂ ಸ್ವಲ್ಪ ಇದೆ ಎಂದು ಹೇಳಿದೆ. ಅವಳು ಮಿರ್ಚಿಯ ತುದಿ ಕಚ್ಚಿ, ಒಳಗಿನ ಮೆಣಸಿನಕಾಯಿಯನ್ನು ಎಳೆದು ತಟ್ಟೆಯ ಅಂಚಿಗಿಟ್ಟು, ಹಿಟ್ಟನ್ನು ಮಾತ್ರ ತಿಂದಳು. ಸದ್ದು ಏರುತ್ತ ಹೋಯಿತು. ಒಳಗೆ ಜನ ಶಿಳ್ಳೆ ಹೊಡೆದರು. ಆ ಮಂದಿ ಕಡೆಗೆ ತಮ್ಮ ತಮ್ಮ ಮನೆಗೆ ಹೋದರೇನು ಎಂದು ಕೇಳಿದಳು. ಉಳಿದವರು ಹೋದರು ಎಂದೆ. "ಅಪ್ಪನ್ಹಂಗ ತಡಾ ಆಗಿ?" ಎಂದಳು. ಹೌದು ಎಂದೆ.

ಬಾಗಿಲ ಹತ್ತಿರ ನಿಂತಿದ್ದ ಗೇಟಿನವನು ನಮ್ಮನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದ. ದುಡ್ಡು ಕೊಟ್ಟು ಹೊರಗೆ ಕೂತವರನ್ನು ಕಂಡು ಅವನಿಗೆ ತಡೆಯಲಾಗಲಿಲ್ಲ.

"ಮ್ಯಾಡಮ್, ಒಳಗ ಹೋಗ್ರಿ. ದೈವ ಬಂದೈತಿ. ಇನ್ನೈದ ನಿಮಿಷ ಐತಿ, ಅಷ್ಟ."

ನಾನು ಹುಡುಗಿಯ ಮುಖ ನೋಡಿದೆ. ಅವಳು ತಟ್ಟೆ ನೋಡಿದಳು. ಇನ್ನೊಂದು ಮಿರ್ಚಿ ಉಳಿದಿತ್ತು.

"ಇದ ತಿಂದ ಮ್ಯಾಲೆ" ಎಂದಳು.